ಇತರೆ

ಬೆಂಕಿಪೊಟ್ಟಣದಲ್ಲಿ ನಲವತ್ತು ಬೀಜ ತಂದಿದ್ದ
ಗಾರ್ಡ್ ದುರುಗಪ್ಪ, ಕುಷ್ಟಗಿ ಕಡೆಯವನು,
ವರ್ಗವಾಗಿ ನಮ್ಮ ಹೊಸನಗರದ ನರ್ಸರಿಗೆ ಬಂದು
ಗಾಳಿಗೆ ಕೊಡೆ ಹಿಡಿಯುವುದನ್ನು ಇನ್ನೂ ಕಲಿಯುತ್ತಿದ್ದವನು.
ಜೊತೆಗೊಂದು ಟಿಫಿನ್ ಡಬ್ಬಿ. ಬಿಚ್ಚಿದರೆ ಬುತ್ತಿಯಲ್ಲ,
ಮಣ್ಣು. ಬೂದಿಬಣ್ಣದ್ದು, ಬೆರಳ ಸಂದಿಯಲ್ಲಿ ನಿಲ್ಲದ್ದು.
“ತಾಯಿಗಿಡದ ಬುಡದ್ದು ಅಕ್ಕಾರ, ಚೂರು ಚೂರು ಬೆರಸ್ರಿ.
ಬೇರಿಗೂ ಗುರುತಿನ ಮಂದಿ ಬೇಕಲ್ರಿ.”

ಹದಿನೆಂಟು ವರ್ಷ ಪ್ಯಾಕೆಟ್ಟಿಗೆ ಮಣ್ಣು ತುಂಬಿದವಳು ನಾನು.
ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು,
ಸಾಹೇಬರು ಹೇಳಿದ ವರ್ಷ ಬರೀ ಅಕೇಶಿಯಾ.
ಯಾವುದಕ್ಕೂ ಹೇಳಿಕೊಟ್ಟದ್ದು ಒಂದೇ ಪಾಠ: ಕುಡಿ.
ಈ ಬನ್ನಿಗೆ ಏನು ಹೇಳಲಿ?

ನೀರಿಗೆ ಹಾಕಿದೆ. ತೇಲಿದವು ಒಂಬತ್ತು;
ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತು,
ಹುಳ ಉಂಡು ಹೊರಟ ಬಾಗಿಲು.
ಮುಳುಗಿದ ಮೂವತ್ತೊಂದನ್ನು ಜಗಲಿಯ ಒರಟು ಕಲ್ಲಿಗೆ ತಿಕ್ಕಿದೆ
ಒಂದೊಂದಾಗಿ, ಸಿಪ್ಪೆಯ ಒಂದು ಮಗ್ಗುಲು ಮಾಸುವಷ್ಟು,
ನನ್ನ ಉಗುರೂ ಸವೆಯುವಷ್ಟು.
ರಾತ್ರಿಯಿಡೀ ಬಿಸಿನೀರಿನ ಪಾತ್ರೆಯಲ್ಲಿಟ್ಟೆ.
ಬೆಳಗ್ಗೆ ಕೆಲವು ಉಬ್ಬಿದ್ದವು, ನಿದ್ದೆಗೆಟ್ಟ ಕಣ್ಣಿನ ಹಾಗೆ.
ಉಬ್ಬದವು ಮತ್ತೆ ಕಲ್ಲಿಗೆ.

ಪ್ಯಾಕೆಟ್ ಸಾಲದು ಅಂದ ಅವನು.
“ಮೊದಲ ಕೆಳಗ ಓಡೂ ಜಾತಿ ಇದು,
ಮ್ಯಾಲ ನೋಡೂದು ಆಮ್ಯಾಲೆ.”
ಪಂಪ್‌ಹೌಸಿನ ಹಿಂದೆ ಬಿದ್ದಿದ್ದ ಒಡಕು ಪೈಪನ್ನು
ಮೊಣಕೈಯುದ್ದ ಕೊಯ್ದು ನಿಲ್ಲಿಸಿದೆವು:
ತಳಕ್ಕೆ ಜಂಬಿಟ್ಟಿಗೆಯ ಚೂರು, ಮೇಲೆ ಹೊಳೆಮರಳು,
ಒಂದು ಚಮಚ ಅವನೂರು.

ಹತ್ತೊಂಬತ್ತು ಮೊಳೆತವು. ಏಪ್ರಿಲ್ ಸಲೀಸಾಗಿ ಕಳೆಯಿತು.

ಜೂನಿನಲ್ಲಿ ನರ್ಸರಿಗೆ ನರ್ಸರಿಯೇ ಬಾಯ್ದೆರೆದು ನಕ್ಕಾಗ
ನಾನೊಬ್ಬಳೇ ಮಳೆಯನ್ನು ಬೈಯುತ್ತ
‘ವನಮಹೋತ್ಸವಕ್ಕೆ ಹಾರ್ದಿಕ ಸ್ವಾಗತ’ದ ಹಳೇ ಬ್ಯಾನರನ್ನು
ಪೈಪುಗಳ ಮೇಲೆ ಎಳೆದು ಕಟ್ಟಿದೆ.
ದ್ಯಾವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ಹೇಳಿದಳು:
“ಊಟ ಬೇಡದ ನೆಂಟರನ್ನ ಕೂರಿಸ್ಕೊಂಡ ಹಾಗಾಯ್ತಲ್ಲೇ,
ಇನ್ಯಾವುದ್ರಲ್ಲಿ ಉಪಚಾರ ಮಾಡ್ತೀಯ?”

ಸರಿಯೇ. ಬ್ಯಾನರಿನಡಿ ನುಸುಳಿದ್ದು ಹನಿಯಲ್ಲ, ಗಾಳಿ.
ಮೂರು ದಿನ ಆರದ ಬಟ್ಟೆಯ ವಾಸನೆಯ ಗಾಳಿ.
ಮಣ್ಣಂಚಿನಲ್ಲಿ ಕಾಂಡ ಕಪ್ಪಾಗಿ, ದಾರದ ಹಾಗೆ ಸೊರಗಿ
ಬೆಳಗಾದರೆ ಒಂದೊಂದು ಮಲಗಿರುತ್ತಿತ್ತು.
ಹನ್ನೊಂದು. ಆರು.
ಆಷಾಢ ಮುಗಿಯುವಾಗ ಮೂರು.

ಸತ್ತ ಒಂದರ ಪೈಪು ಸೀಳಿ ನೋಡಿದೆ.
ಮೇಲೆ ನಾಲ್ಕು ಬೆರಳು; ಕೆಳಗೆ ಒಂದೂವರೆ ಗೇಣು.
ಸುತ್ತ ಇಷ್ಟು ನೀರಿದ್ದೂ ಅದು ನಂಬಿರಲಿಲ್ಲ,
ಅಜ್ಜಿಯರು ಕಂಡ ನೀರನ್ನೇ ಹುಡುಕಿಕೊಂಡು ಹೊರಟಿತ್ತು.
ಬೇರಿನ ಮೇಲೆ ಸಾಸಿವೆಗಿಂತ ಸಣ್ಣ ಗಂಟುಗಳು.
ಉಗುರಲ್ಲಿ ಒತ್ತಿದೆ: ಒಳಗೆ ನಸುಗೆಂಪು.
ಡಬ್ಬಿಯ ಮಂದಿ ಬಂದು ಮನೆ ಹೂಡಿಯಾಗಿತ್ತು.
ದುರುಗಪ್ಪನಿಗೆ ಸತ್ತದ್ದನ್ನು ಹೇಳಲಿಲ್ಲ,
ಗಂಟನ್ನು ಮಾತ್ರ ತೋರಿಸಿದೆ.

ವಿಜಯದಶಮಿಗೆ ಉಳಿದದ್ದು ಒಂದು.
ಅವನು ಹೊಸ ಅಂಗಿ ತೊಟ್ಟು ಬಂದು, ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಎಲೆ ಎಣಿಸಿದ. ಕೀಳಲಿಲ್ಲ.
“ಬಂಗಾರ ಇನ್ನಾ ಎಳೇದೈತಿ.”
ಏಳುವಾಗ ಒಂದು ಹಸಿ ಮುಳ್ಳು ಬೆರಳಿಗೆ ತಾಗಿತು.
ಆ ಚುಕ್ಕೆ ರಕ್ತವನ್ನು ನನಗೂ ದ್ಯಾವಮ್ಮನಿಗೂ
ಡ್ರೈವರ್ ಇಲಿಯಾಸನಿಗೂ ತೋರಿಸುತ್ತ ತಿರುಗಿದ,
ಬಹುಮಾನ ಬಂದವನ ಹಾಗೆ.

ಮಾಗಿಯಲ್ಲಿ ಅವನಿಗೆ ಮತ್ತೆ ವರ್ಗ. “ಒಯ್ಯಲೇನ್ರಿ ಅಕ್ಕಾರ?”
ಪೈಪು ಎತ್ತಲು ಹೋದೆ. ಅಲುಗಲಿಲ್ಲ.
ಜಂಬಿಟ್ಟಿಗೆಯ ಸಂದಿಯಲ್ಲಿ ಜಾರಿ, ನಮ್ಮ ಕೆಂಪು ಮಣ್ಣಿಗೆ
ಬೇರು ಯಾವತ್ತೋ ಇಳಿದಿತ್ತು, ಯಾರನ್ನೂ ಕೇಳದೆ.
ಇಬ್ಬರೂ ಸ್ವಲ್ಪ ಹೊತ್ತು ಪೈಪಿನ ಮೇಲೆ ಕೈಯಿಟ್ಟು ಕೂತೆವು.
ಆಮೇಲೆ ಅವನು ಖಾಲಿ ಡಬ್ಬಿ ತೊಳೆದುಕೊಂಡು ಬಸ್ಸಿಗೆ ಹೋದ.

ವರ್ಷದ ಲೆಕ್ಕದ ರಿಜಿಸ್ಟರಿನಲ್ಲಿ ಬನ್ನಿಗೆ ಸಾಲಿಲ್ಲ.
ಹೊನ್ನೆ ಆರು ಸಾವಿರ, ಮತ್ತಿ ನಾಲ್ಕು,
ಕೊನೆಯಲ್ಲಿ ‘ಇತರೆ’ ಅಂತ ಒಂದು ಜಾಗ.
ಅಲ್ಲಿ ೧ ಅಂತ ಬರೆದೆ.
‘ದಿನಕ್ಕೆ ನೀರು, ಕೊಡಗಳಲ್ಲಿ’ ಅಂದಲ್ಲಿ
ಒಂದು ಅಡ್ಡಗೆರೆ.