ಒಂದೂವರೆ ಮಾತ್ರೆ

ಡೆಟ್ರಾಯಿಟಿನ ಲಿನ್‌ವುಡ್ ಬೀದಿಯಲ್ಲಿ
ಎಂದೋ ಮುಚ್ಚಿಹೋದ ಲಾಂಡ್ರಿಯೊಳಗೆ
ಶನಿವಾರ ಶನಿವಾರ ನಮ್ಮ ಪಾಠ.
ಗೋಡೆಯುದ್ದಕ್ಕೂ ಬಟ್ಟೆ ಒಣಗಿಸುವ ಯಂತ್ರಗಳ ದುಂಡು ಕಣ್ಣು;
ಸೋಪಿನ ವಾಸನೆ ಇನ್ನೂ ಬಿಟ್ಟಿಲ್ಲ.

ಒಡೆಸಾ ಪ್ರುಯಿಟ್, ಎಪ್ಪತ್ತೊಂಬತ್ತು,
ತನಗಿಂತ ಎತ್ತರದ ಬಾಸ್ ವಾದ್ಯವನ್ನು
ಕುಡಿದು ಬಂದ ತಮ್ಮನನ್ನು ಹಿಡಿದ ಹಾಗೆ
ಹೆಗಲಿಗೆ ಆನಿಸಿಕೊಂಡು ನಿಲ್ಲುವಳು.
ಮೊದಲ ಗಂಟೆ ಯಾರೂ ಏನೂ ನುಡಿಸಕೂಡದು.
"ಕಿವಿ ತೊಳೆದುಕೊಳ್ಳಿ, ಇದು ಲಾಂಡ್ರಿ."

ನನ್ನದು ಡ್ರಮ್.
"ಎಣಿಸಬೇಡ, ಜಾರ್ವೆಲ್.
ಬಸ್ಸು ಹೊರಡುತ್ತಿದೆ, ಆದರೂ ನೀನು ಓಡುವವನಲ್ಲ,
ಹಾಗೆ ನಡೆ."
ಅದಕ್ಕೇ ಸ್ವಿಂಗ್ ಅನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು;
ಕಾಲಿಗೆ ಮೊದಲೇ ತಿಳಿದಿತ್ತು.

ಪುಸ್ತಕವಿಲ್ಲ. ಇರುವುದು ಒಂದೇ ಗ್ರಾಮಾಫೋನ್ ತಟ್ಟೆ:
ಅವಳ ಸೋದರಮಾವ ಕ್ಲೀಟಸ್, ಅವನ ಐವರ ಮೇಳ,
ಮಂಚ ಕುರ್ಚಿ ಮಾರುವ ಅಂಗಡಿಯ ಹಿಂಕೋಣೆಯಲ್ಲಿ
ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿ
ಒಂದೇ ರಾತ್ರಿಯಲ್ಲಿ ಮುದ್ರಿಸಿದ್ದು.
ಹಗಲೆಲ್ಲ ಕಾರಿಗೆ ಬಾಗಿಲು ಕೂರಿಸಿದ ಕೈಗಳು.
ಟ್ರಂಪೆಟ್ಟಿನವನ ಕೆಮ್ಮೂ ಕೇಳುತ್ತದೆ ಅದರಲ್ಲಿ.

ಲನೆಟ್ಟಾ, ಹನ್ನೆರಡು ವರ್ಷ, ಮಾತು ಕಡಿಮೆ,
ಫೋನಿನಲ್ಲಿ ಅದನ್ನು ತುಂಬಿಸಿಕೊಂಡು ಹೋದವಳು
ಮೂರು ವಾರದ ಮೇಲೆ ಸ್ಯಾಕ್ಸೊಫೋನ್ ಎತ್ತಿ
ಕ್ಲೀಟಸನ ಇಡೀ ಸರದಿಯನ್ನು ಬಿಚ್ಚಿದಳು:
ಪಿಯಾನೋದ ಎರಡು ಮನೆಗಳ ನಡುವಿನ ಓಣಿಯಲ್ಲಿ
ಬಿಡಾರ ಹೂಡಿದ ಆ ಸ್ವರ,
ಅಳುವೂ ಅಲ್ಲ, ಅಳು ನುಂಗಿದ್ದೂ ಅಲ್ಲ...
ಹೋಗುತ್ತ ಹೋಗುತ್ತ ಇದ್ದಕ್ಕಿದ್ದಂತೆ
ಹಳ್ಳ ಕಂಡ ಕುದುರೆಯಂತೆ ಹಾರಿದಳು.
ನಾನು ಹಳ್ಳಕ್ಕೆ ಬಿದ್ದೆ.
ಪಿಯಾನೋದ ಹುಡುಗ ನನ್ನ ಮೇಲೆ ಬಿದ್ದ.

"ಒಂದೂವರೆ ಮಾತ್ರೆ ನುಂಗಿಬಿಟ್ಟೆ ನೀನು!"
"ತಟ್ಟೆಯಲ್ಲಿ ಹಾಗೇ ಇದೆ," ಅಂದಳು.

ಇತ್ತು. ಗೀರು.
ಮುಳ್ಳು ಎಂದೂ ಅಲ್ಲಿ ಹಾರುತ್ತಿತ್ತು.
ನಾವು ಗೀರೆಂದು ಬಿಟ್ಟದ್ದನ್ನು
ಅವಳು ಹಾಡೆಂದು ಕಲಿತಿದ್ದಳು.

ಒಡೆಸಾ ನಕ್ಕಳು. ನಕ್ಕು ನಕ್ಕು ಕೂತಳು.
ಆಮೇಲೆ ನಗಲಿಲ್ಲ.
"ಅರವತ್ತೇಳರ ಜುಲೈ. ಊರು ಉರಿಯುತ್ತಿತ್ತು.
ದೀಪ ಆರಿಸಿ ನೆಲಕ್ಕೆ ಒರಗಿ
ಮೆಲ್ಲಗೆ ಇದನ್ನು ಹಾಕಿದ್ದೆವು, ಅಮ್ಮನ ಧೈರ್ಯಕ್ಕೆ.
ಬೀದಿಗೆ ಸೈನ್ಯದ ಟ್ಯಾಂಕ್ ಬಂತು.
ಮನೆ ನಡುಗಿತು. ಮುಳ್ಳು ಜಾರಿತು.
ಅಷ್ಟೇ. ಯಾರೂ ಸಾಯಲಿಲ್ಲ,
ಆ ರಾತ್ರಿ, ನಮ್ಮ ಮನೆಯಲ್ಲಿ."

ಬೇರೆ ಪ್ರತಿ? ಇಲ್ಲ. ಆ ಐವರು? ಇಲ್ಲ.
ಆ ಒಂದೂವರೆ ಮಾತ್ರೆಯಲ್ಲಿ ಏನಿತ್ತೆಂದು
ಹೇಳಬಲ್ಲ ಬಾಯಿಗಳೆಲ್ಲ ಮಣ್ಣಲ್ಲಿ.

"ತಿದ್ದಿಕೊಳ್ಳಲಾ?" ಲನೆಟ್ಟಾ ಕೇಳಿದಳು.
"ಯಾವುದನ್ನೇ? ಜಾಗ ಖಾಲಿ ಇದೆ, ನಿನ್ನದೇನಾದರೂ ಇಡು.
ಮುಂದಿನ ವಾರ ಅದನ್ನು ತೆಗೆದು ಬೇರೆಯದನ್ನು ಇಡು.
ಊದಿದ್ದನ್ನೇ ಊದಿದ್ದರೆ ಕ್ಲೀಟಸ್ ಮಾವ
ನನ್ನ ಅಜ್ಜಿಯ ಕೈಯಲ್ಲಿ ಊಟ ಕಾಣುತ್ತಿರಲಿಲ್ಲ."

ಇಟ್ಟು ನೋಡಿದೆವು.
ನಾನು ಕಡ್ಡಿಯಲ್ಲಿ ಯಂತ್ರದ ಗಾಜಿಗೆ ಬಡಿದೆ.
ಪಿಯಾನೋದ ಹುಡುಗ ತಪ್ಪು ಸ್ವರ ಒತ್ತಿ
ತಪ್ಪೆಂದು ಒಪ್ಪಲೇ ಇಲ್ಲ.
ಲನೆಟ್ಟಾ ಏನೂ ಇಡಲಿಲ್ಲ. ಉಸಿರೆಳೆದಳು, ಅಷ್ಟೇ,
ಎಲ್ಲರಿಗೂ ಕೇಳುವಂತೆ.

ಈಗಲೂ ತಟ್ಟೆ ತಿರುಗುತ್ತ
ಆ ಗೀರಿನ ಹತ್ತಿರ ಬರುವಾಗ
ಹನ್ನೊಂದು ತಲೆಗಳು ಒಟ್ಟಿಗೇ ಬಾಗುತ್ತವೆ,
ಕತ್ತಲಲ್ಲೂ ತಗ್ಗು ಬಾಗಿಲಿನ ಅಂದಾಜಿರುವ
ಮನೆಮಂದಿಯ ಹಾಗೆ.