ಕೋಸಿನ ಗಡಿ

ನಕ್ಷೆಯಲ್ಲಿಲ್ಲದ ಗೆರೆಯೊಂದು
ವೆಸ್ಟ್ ವರ್ಜೀನಿಯಾದ ನಡುವೆ ಹಾದುಹೋಗುತ್ತದೆ.
ಆಚೆ, ಬಡಗಲಿಗೆ, ಫೇರ್‌ಮಾಂಟ್, ನನ್ನ ತವರು.
ಅಲ್ಲಿ ಹಾಟ್ ಡಾಗ್ ಎಂದರೆ ಬನ್ನು, ಸಾಸೇಜು,
ಮೇಲೆ ಕೆಂಪು ಕೀಮಾ ಗೊಜ್ಜು, ಹಸಿ ಈರುಳ್ಳಿ. ಮಾತು ಮುಗಿಯಿತು.
ಅಪ್ಪ ಗಾಜಿನ ಕಾರ್ಖಾನೆಯಿಂದ ಬರುತ್ತ ಅಂಗಡಿ ಮುಂದೆ
ನಿಂತಲ್ಲೇ ಎರಡು ತಿನ್ನುತ್ತಿದ್ದ;
ಕಣ್ಣಲ್ಲಿ ನೀರು ಬರಿಸದ ಗೊಜ್ಜಿಗೆ
ದುಡ್ಡು ಕೊಡಲು ತಕರಾರು ತೆಗೆಯುತ್ತಿದ್ದ.

ಈಚೆ, ತೆಂಕಲಿಗೆ, ಬೂನ್ ಕೌಂಟಿ.
ಇಲ್ಲಿ ಎಲ್ಲದರ ಮೇಲೆ ಎಲೆಕೋಸು ಕೂರದಿದ್ದರೆ
ಬಡಿಸಿದ್ದು ಲೆಕ್ಕಕ್ಕೇ ಇಲ್ಲ.

ಮದುವೆಯಾಗಿ ಬಂದ ಮೊದಲ ಭಾನುವಾರ
ಅತ್ತೆ ಐಸಿಯ ಎದುರಿಗೇ
ಫೋರ್ಕಿನಲ್ಲಿ ಕೋಸು ಕೆರೆದು ತಟ್ಟೆಯಂಚಿಗೆ ಸರಿಸಿದೆ.
ಆಕೆ ಏನೂ ಅನ್ನಲಿಲ್ಲ.
ಆ ಏನೂ ಅನ್ನದಿರುವುದು
ಹನ್ನೊಂದು ವರ್ಷ ನಡೆಯಿತು.

ಈ ಮೇ ತಿಂಗಳು ಹಿತ್ತಿಲ ಮೆಟ್ಟಿಲಲ್ಲಿ ಜಾರಿ
ಬಲಗೈ ಮುರಿದುಕೊಂಡಳು.
ಅಗ್ನಿಶಾಮಕ ದಳದ ಹೊಸ ಪಂಪಿಗೆಂದು
ಶನಿವಾರ ನಾನೂರು ಹಾಟ್ ಡಾಗ್ ಒಪ್ಪಿಕೊಂಡಾಗಿತ್ತು.
ಕೈ ಕಟ್ಟಿದ ಮೇಲೆ ಬಾಯಿ ಬಿಚ್ಚಿತು.

'ಹುರಿಯಬೇಡ. ತಣ್ಣೀರಿಗೆ ಹಾಕು ಮಾಂಸ, ಕಿವುಚು.
ಇನ್ನೂ ಕಿವುಚು.
ಕೈಗೆ ಸಿಕ್ಕಿದ ಗಂಟು ಬಾಯಿಗೂ ಸಿಗುತ್ತದೆ.'
ಮೊಣಕೈವರೆಗೆ ಗುಲಾಬಿ ನೀರು, ಬೆರಳು ಮರಗಟ್ಟಿ
ನನ್ನವೇ ಎಂದು ಗೊತ್ತಾಗದಷ್ಟು.
ಒಲೆ ಹತ್ತಿತು. ಮೆಣಸಿನ ಪುಡಿ, ಟೊಮೆಟೊ, ಜೀರಿಗೆ.
ಆಮೇಲೆ ಗದ್ದದಲ್ಲೇ ತೋರಿಸಿದಳು
ಚೀಟಿ ಇಲ್ಲದೊಂದು ಸೀಸೆ.
ಮೂಸಿದೆ. ದಾಲ್ಚಿನ್ನಿ.
'ಗಣಿ ಕಂಪನಿಯ ಊಟದ ಮನೆಯಲ್ಲಿ ಗ್ರೀಕನೊಬ್ಬನಿದ್ದ.
ನಮ್ಮಮ್ಮನಿಗೆ ಬಟ್ಟೆ ಒಗೆಸಿದ ಬಾಕಿ ಕೊಡಲಾರದೆ
ಈ ಗುಟ್ಟು ಕೊಟ್ಟು ಹೋದ.
ನಿನ್ನ ಗಂಡನಿಗೂ ಗೊತ್ತಿಲ್ಲ.'

ಕೋಸಿನ ಸರದಿ. ಕ್ಯಾರೆಟ್ ಎತ್ತಿಕೊಂಡೆ.
'ಕೆಳಗಿಡು. ಅದು ಓಹಾಯೋದವರ ಕೆಲಸ.'
ಅಕ್ಕಿಕಾಳಿನಷ್ಟು ಸಣ್ಣಗೆ ಕೊಚ್ಚಿ, ಉಪ್ಪು ಬೆರೆಸಿ,
ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು.
ಹಿಂಡಿದೆ.
'ನನ್ನ ಮೇಲೆ ಸಿಟ್ಟಿದೆಯಲ್ಲ, ಅದನ್ನೂ ಹಾಕಿ ಹಿಂಡು.'
ಹಿಂಡಿದೆ.
ಒಂದು ಲೋಟ ತುಂಬ ಹಸಿರು ನೀರು ಇಳಿಯಿತು.
ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ
'ಅಷ್ಟೇನಾ?' ಅಂದಳು.

ಶನಿವಾರ. ಬಂಡಿಗಳನ್ನು ಹೊರಗೆ ನಿಲ್ಲಿಸಿ
ಖಾಲಿಯಾದ ಠಾಣೆಯಲ್ಲಿ ಉದ್ದ ಮೇಜು.
ಸಾಸಿವೆ, ಗೊಜ್ಜು, ಈರುಳ್ಳಿ, ಕೋಸು;
ಸಾಸಿವೆ, ಗೊಜ್ಜು, ಈರುಳ್ಳಿ, ಕೋಸು;
ಮಧ್ಯಾಹ್ನಕ್ಕೆ ಕೈ ತಾನಾಗಿ ಆಡುತ್ತಿತ್ತು.
ಲಾರಿ ನಿಲ್ಲಿಸಿ ಬಂದವನೊಬ್ಬ
'ಕೋಸು ಬೇಡ' ಅಂದ.
ಇಡೀ ಸಾಲು ತಿರುಗಿ ನೋಡಿತು.
ಐಸಿ ಎಡಗೈಯಲ್ಲೇ ಅವನಿಗೆ ಕಟ್ಟಿಕೊಟ್ಟು
ಯಾರೂ ಕೇಳದಿದ್ದರೂ ಸಾರಿದಳು:
'ನಮ್ಮ ಸೊಸೆಯ ಕಡೆಯವನು.'

ಮೂರು ಗಂಟೆಗೆ ಎಲ್ಲ ಮುಗಿಯಿತು, ಒಂದು ಬನ್ನು ಬಿಟ್ಟು.
ಅದನ್ನು ಆಕೆಯೇ ತುಂಬಿ ತಂದಳು,
ಸೊಟ್ಟ ಸಾಸಿವೆ, ಚೆಲ್ಲಿದ ಗೊಜ್ಜು, ಈರುಳ್ಳಿ.
ಅಷ್ಟೇ. ನನ್ನೂರಿನ ಹಾಗೆ.
ಕಾಗದದ ತಟ್ಟೆ ನನ್ನ ಮುಂದೆ ತಳ್ಳಿದಳು.

ಕೋಸಿನ ಬೋಗುಣಿ ನೋಡಿದೆ. ಖಾಲಿ.
ತಳದಲ್ಲಿ ಸಿಹಿಹುಳಿಯ ಬೆಳ್ಳನೆ ನೀರು, ಎರಡು ಚೂರು.
ಬನ್ನಿನ ತುದಿ ಅದರಲ್ಲಿ ಅದ್ದಿದೆ.

ಐಸಿ ಆ ಕಡೆ ತಿರುಗಿ
ಮೇಜು ಒರೆಸುತ್ತಿದ್ದಳು,
ಒರೆಸಿದಲ್ಲೇ ಮತ್ತೆ ಮತ್ತೆ.