ದಶಕ ಸಹಿತ

ಗುಮಾಸ್ತ ಪುಟ್ಟಮಾದಯ್ಯ ಪೆನ್ಸಿಲ್ಲು ಹಿಡಿದು
ನನ್ನ ಸೇವೆಯನ್ನು ಕೂಡುತ್ತಿದ್ದಾರೆ:
ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ.
ಮೂವತ್ತಾದರೆ ತಿಂಗಳ ಮನೆಗೊಂದು
ಹನ್ನೆರಡಾದರೆ ವರ್ಷದ ಮನೆಗೊಂದು.
ನಡುವೆ ಟೀ ಬಂತು.
ಒಂದು ದಶಕ ಏರಿಸುವುದು ಮರೆತರು.

ಸುಮ್ಮನಿರಬಹುದಿತ್ತು. ಆಗಲಿಲ್ಲ.
ಬಂದದ್ದನ್ನು ಮೇಲೆ ಬರಕೊಳ್ರಪ್ಪಾ ಎಂದು
ಪ್ರತಿ ಜುಲೈಗೂ ಕೂಗಿದ ಬಾಯಿ ಇದು.

ಮೊದಲ ಪಾಠ ಚಾಮರಾಜಪೇಟೆಯ ಸಂಜೆ ಕಾಲೇಜು.
ಗಂಟೆಗೆ ಅರವತ್ತು ರೂಪಾಯಿ, ಸೀಮೆಸುಣ್ಣ ನಮ್ಮದೇ.
ಒಂದಕ್ಕೆ ಒಂದು ಕೂಡಿ
ಹತ್ತು ಅಂತ ಬರೆದೆ ಬೋರ್ಡಿನ ಮೇಲೆ.
ಬಿನ್ನಿ ಮಿಲ್ಲಿನ ಪಾಳಿ ಮುಗಿಸಿ ಬಂದ ಹಿಂದಿನ ಬೆಂಚು
ಗೊಳ್ಳೆಂದಿತು.
ಇದು ಹತ್ತಲ್ಲ, ಎರಡೇ, ಯಂತ್ರ ಬರೆಯುವ ಪರಿ ಇದು ಅಂದೆ.
'ನಮ್ ಸಂಬಳಾನೂ ಹಿಂಗೇ ಬರಸ್ಕೊಡಿ ಮೇಡಂ.'

ಎಂಟು ಮನೆಗಳ ಸಾಲು ಎಳೆದೆ.
ಪಕ್ಕದ ಮನೆಯ ದಶಕ ದಾಟಿ ಬರುವ ತನಕ
ಈ ಮನೆ ತನ್ನ ಮೊತ್ತ ಹೇಳುವಂತಿಲ್ಲ.
ಕಾವೇರಿ ನೀರು ಬಿಡುವ ದಿನ
ನಮ್ಮ ವಠಾರದ ಕೊನೇ ಮನೆಯ ಸಾವಂತ್ರಮ್ಮ
ಕೊಡ ಸೊಂಟಕ್ಕಿಟ್ಟು ನಿಂತ ಹಾಗೆ.
ಆ ಸಲ ಯಾರೂ ನಗಲಿಲ್ಲ.
ಎಲ್ಲರ ಮನೆಯಲ್ಲೂ ಒಂದು ಕೊನೇ ಮನೆ ಇತ್ತು.

ಲ್ಯಾಬಿನಲ್ಲಿ ನಾಲ್ಕೇ ಕಿಟ್ಟು, ಮೂವತ್ತೆಂಟು ಹುಡುಗರು.
ಚಿಪ್ಪಿನ ಕಾಲು ಸೊಟ್ಟಗಾದರೆ
ಕನ್ನಡಕ ಹಣೆಗೇರಿಸಿ ಉಗುರಿನಲ್ಲೇ ತಿದ್ದುತ್ತಿದ್ದ ಇನ್ನಾಸಪ್ಪ
ಮಗುವಿನ ಬೆರಳು ಬಿಡಿಸುವಂತೆ, ಒಂದೊಂದಾಗಿ.
ಸತ್ತದ್ದಕ್ಕೆ ಬದಲಿ ಹುಡುಕಿ ಎಸ್.ಪಿ. ರೋಡಿಗೆ ನಡೆದು
ಬಿಲ್ಲು ಕೊಡದ ಅಂಗಡಿಯಲ್ಲಿ ತನ್ನ ದುಡ್ಡೇ ಕೊಟ್ಟು
ನನಗೆ ಹೇಳಿದ್ದು ಮಾತ್ರ: 'ಇದು ಬದುಕ್ತು ಮೇಡಂ, ತನಗೆ ತಾನೇ.'
ಪರೀಕ್ಷೆಯ ದಿನಕ್ಕೆಂದು ಒಳ್ಳೆಯದೊಂದನ್ನು
ಊಟದ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಅವನ ಮಗ ಹೇಳಿ ತಿಳಿಯಿತು,
ಹೊಸೂರು ರಸ್ತೆಯ ಸ್ಮಶಾನದಲ್ಲಿ.

ಟ್ಯಾನರಿ ರೋಡಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು
ನುಸ್ರತ್.
ಬೆಲ್ಲು ಹೊಡೆದ ಮೇಲೆ ಕೇಳಿದಳು:
'ಮಿಸ್, ಎಂಟನೇ ಮನೇನೂ ದಾಟಿದ ದಶಕ
ಎಲ್ಲಿಗ್ ಹೋಗತ್ತೆ?'
ಬಾವುಟ ಏಳುತ್ತೆ ಅಂದೆ. ಒಂದೇ ಒಂದು ಬಿಟ್ಟು, ಪಕ್ಕದಲ್ಲಿ.
'ಯಾರೂ ನೋಡ್ಲಿಲ್ಲ ಅಂದ್ರೆ?'
ಮುಂದಿನ ಲೆಕ್ಕ ಅದನ್ನ ಅಳಿಸುತ್ತೆ.
ಅವಳು ಬರೆದುಕೊಳ್ಳಲಿಲ್ಲ.
ಮುಂದಿನ ವರ್ಷ ಬರಲೂ ಇಲ್ಲ.

ಆಮೇಲೆ ಖಾಯಂ. ಜ್ಞಾನಭಾರತಿಯ ದೊಡ್ಡ ಕೋಣೆಗಳು,
ಬೋರ್ಡು ಹೋಗಿ ಪರದೆ,
ಪರದೆಯ ಮೇಲೆ ಹದಿನಾಲ್ಕು ಹಂತದ ಪೈಪ್‌ಲೈನು.
ದರ್ಶಿನಿಯ ಇಡ್ಲಿ ಕೌಂಟರು ನೆನೆಸಿಕೊಳ್ಳಿ ಎನ್ನುತ್ತಿದ್ದೆ:
ಒಬ್ಬನಿಗೆ ಟೋಕನ್ನು, ಒಬ್ಬನಿಗೆ ತಟ್ಟೆ, ಒಬ್ಬನಿಗೆ ಚಟ್ನಿ,
ಐನೂರರ ನೋಟು ಚಾಚಿ ನಿಂತವನೊಬ್ಬನಿಂದ
ಇಡೀ ಸಾಲಿಗೆ ಹಸಿವು.
ಇದೂ ನನಗೆ ಸಂಜೆ ಕಾಲೇಜು ಕಲಿಸಿದ್ದೇ,
ಏಳೂವರೆಗೆ ನಿಂತು ತಿಂದು.

'ಮೇಡಂ,' ಎಂದರು ಪುಟ್ಟಮಾದಯ್ಯ ಮೆಲ್ಲಗೆ,
'ಸಂಜೆ ಕಾಲೇಜಿನ ಒಂಬತ್ತು ವರ್ಷ ಅರೆಕಾಲಿಕ.
ಸರ್ವಿಸ್ ರಿಜಿಸ್ಟರಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.'

ರಿಜಿಸ್ಟರು ಎಂಬ ಪದವನ್ನು ನಾನು
ಎಷ್ಟು ಸಾವಿರ ಸಲ ಉಚ್ಚರಿಸಿರಬಹುದು.
ಅದರ ಅಗಲ ಅದಕ್ಕೆ, ಅಷ್ಟೇ ಹಿಡಿಯುವುದು,
ಅದರ ತಪ್ಪಲ್ಲ ಎಂದು ನಾನೇ ಹೇಳಿಕೊಟ್ಟದ್ದು.

ಒಂಬತ್ತು. ಇನ್ನೊಂದಿದ್ದರೆ ಕ್ಯಾಲೆಂಡರಿನ ಲೆಕ್ಕಕ್ಕೂ ದಶಕ.

ಅವರ ಪೆನ್ಸಿಲ್ಲು ಇಸಕೊಂಡು
ಕೆಂಪು ಗೆರೆಯ ಆಚೆ, ಎಡಕ್ಕೆ, ಏನೂ ಬರೆಯಬಾರದ ಜಾಗದಲ್ಲಿ
ಸಣ್ಣದಾಗಿ ಒಂದು ಅಂತ ಬರೆದೆ.
ಇದೇನು ಎನ್ನುವಂತೆ ನೋಡಿದರು.
ರಬ್ಬರು ಕೈಯಲ್ಲೇ ಇತ್ತು.
ಊಟದ ಹೊತ್ತಾಗಿತ್ತು, ಮುಚ್ಚಿಟ್ಟು ಎದ್ದರು.